ಅರಮನೆಯ ಕತೆ ಮತ್ತು ನೀರಿನ ಪ್ರಶ್ನೆ

ರಾಜರ ಕತೆ ನೋಡಿ ಶಿಳ್ಳೆ ಹೊಡೆಯುವುದು ತಪ್ಪೇ? ಹೋರಾಟದ ಮಾತಾಡುವವನು ತರಾಸು ಅವರ ದುರ್ಗದ ಕಾದಂಬರಿಗಳನ್ನು ರಾತ್ರಿಯಿಡೀ ಓದಿ ಕಣ್ಣೊರೆಸಿಕೊಂಡರೆ ಅವನ ಹೋರಾಟಕ್ಕೆ ಕುಂದು ಬಂತೇ? ಸಭೆ ಮುಗಿದ ಮೇಲೆ ಟೀ ಅಂಗಡಿ ಮುಂದೆ ಈ ಪ್ರಶ್ನೆ ಆಗಾಗ ಏಳುತ್ತದೆ. ಏಳುವ ಮೊದಲೇ ಎರಡು ಉತ್ತರ ಸಿದ್ಧವಾಗಿರುತ್ತವೆ. ಒಂದು: ಇದೆಲ್ಲ ಪಾಳೇಗಾರಿ ನಂಜು, ಕಿತ್ತು ಬಿಸಾಕಿ. ಇನ್ನೊಂದು: ಅಯ್ಯೋ, ಮನರಂಜನೆ ಮಾರಾಯ, ಅದಕ್ಕೂ ಸಿದ್ಧಾಂತ ಯಾಕೆ? ಎರಡನ್ನೂ ಹೇಳುವವರು ಮಾಡುವ ಕೆಲಸ ಒಂದೇ. ಜನಕ್ಕೆ ಇದು ಯಾಕೆ ರುಚಿಸುತ್ತದೆ ಅಂತ ನೋಡದೆ ಎದ್ದುಹೋಗುತ್ತಾರೆ.

ಮೊದಲು ಜನರ ಖುಷಿಯನ್ನು ಗೌರವದಿಂದ ನೋಡೋಣ. 1975ರಲ್ಲಿ ‘ಮಯೂರ’ ಬಂತು. ದೇವುಡು ಅವರ ಕಾದಂಬರಿ, ರಾಜ್‌ಕುಮಾರ್ ನಾಯಕ. ಟೆಂಟ್ ಸಿನಿಮಾದಲ್ಲಿ ನೆಲದ ಟಿಕೆಟ್ ತಗೊಂಡು ಮರಳ ಮೇಲೆ ಕೂತವರು ಅದನ್ನು ನೋಡಿದರು. ಹಗಲೆಲ್ಲ ಧಣಿಯ ಮುಂದೆ ಟವೆಲು ಕಂಕುಳಿಗೆ ಸಿಕ್ಕಿಸಿ, ಸೊಂಟ ಬಗ್ಗಿಸಿ ನಿಂತ ಆಳು, ರಾತ್ರಿ ಪಲ್ಲವರ ಮುಂದೆ ಎದೆ ಸೆಟೆಸಿ ನಿಂತವನನ್ನು ಕಂಡು ಶಿಳ್ಳೆ ಹಾಕಿದ. ಅವನಿಗೆ ಕಿರೀಟದ ಆಸೆ ಇತ್ತೇ? ನನಗೆ ಹಾಗನ್ನಿಸುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಅವಮಾನಕ್ಕೊಂದು ಉತ್ತರ.

ಆದರೆ ಆ ಅವಮಾನ ಯಾರದು? ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಂಸ್ಕೃತದ ಕಂಬಶಾಸನ ಇದೆ. ಕಾಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಅಂತ ಅದು ಹೇಳುತ್ತದೆ. ಅಲ್ಲಿರುವುದು ಬ್ರಾಹ್ಮಣನ ಸಿಟ್ಟು. ಕ್ಷತ್ರಿಯರ ಮುಂದೆ ಬ್ರಾಹ್ಮಣರು ಇಷ್ಟು ಬಲಹೀನರಾದರಲ್ಲ ಎಂಬ ಸಿಟ್ಟು. ಅಂದರೆ ಮೇಲಿನ ಇಬ್ಬರ ಜಗಳ. ಆ ಸಿಟ್ಟನ್ನು ಮರಳ ಮೇಲೆ ಕೂತವನು ಕಡ ತಗೊಂಡು ತನ್ನದು ಮಾಡಿಕೊಂಡ. ಇದರಲ್ಲಿ ದಡ್ಡತನವೇನೂ ಇಲ್ಲ. ಕೈಗೆ ಸಿಕ್ಕಿದ್ದನ್ನು ಬಳಸಿ ಬದುಕಿದವರ ಜಾಣತನ ಇದೆ. ಆದರೂ ಕಡ ಅಂದಮೇಲೆ ಬಡ್ಡಿ ಇದ್ದೇ ಇದೆ. ಅವನ ಸ್ವಂತ ಅವಮಾನಕ್ಕೆ ಆ ಕತೆಯಲ್ಲಿ ಜಾಗವಿಲ್ಲ, ಅದೇ ಬಡ್ಡಿ. ಅವಮಾನಗೊಂಡ ವಿದ್ಯಾರ್ಥಿಗೆ ಕಂಬದ ಮೇಲೆ ಸಾಲುಗಳಿವೆ. ಆ ಸವಾರನ ಕುದುರೆಯ ಲದ್ದಿ ಬಾಚಿದವನಿಗೆ ಯಾವ ಕಂಬವೂ ಇಲ್ಲ.

ಪ್ರೇಮದ ವಿಷಯದಲ್ಲೂ ಇದೇ ಲೆಕ್ಕ. ಅರಮನೆಯ ಕತೆಗಳಲ್ಲಿ ಪ್ರೇಮಿಗಳನ್ನು ಅಗಲಿಸುವುದು ಯುದ್ಧ, ಪಿತೂರಿ, ಸವತಿಯ ಮತ್ಸರ. ಊರಿಗೂ ಕೇರಿಗೂ ನಡುವೆ ಇರುವ ಗೆರೆ ಅವರನ್ನು ಅಗಲಿಸುವುದು ಬಲು ಅಪರೂಪ. ಆದರೆ ಈ ನಾಡು ಮರೆಯಲಾರದ ಮದುವೆ ಆ ಗೆರೆಯ ಮೇಲೇ ನಡೆಯಿತು. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟ. ಬಿಜ್ಜಳನ ಆಳಿಕೆಯಲ್ಲಿ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆಯಾಯಿತು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಶರಣರ ಪರಂಪರೆ ನೆನೆಯುತ್ತದೆ. ಆ ಹುಡುಗ ಹುಡುಗಿ ಒಬ್ಬರಿಗೊಬ್ಬರು ಏನು ಹೇಳಿಕೊಂಡರೋ ಯಾರೂ ನೆನಪಿಟ್ಟಿಲ್ಲ. ಅಪ್ಪಂದಿರು ಸತ್ತದ್ದು ಮಾತ್ರ ಉಳಿದಿದೆ. ಲಂಕೇಶರ ‘ಸಂಕ್ರಾಂತಿ’, 1990ರಲ್ಲಿ ಕಾರ್ನಾಡರ ‘ತಲೆದಂಡ’ ಈ ಕಲ್ಯಾಣವನ್ನು ರಂಗಕ್ಕೆ ತಂದವು. ಅವನ್ನು ನೋಡಿದವರು ಹಾಯಾಗಿ ಮನೆಗೆ ಹೋಗಲಾರರು. ಬೆಳದಿಂಗಳು, ಉದ್ಯಾನ, ವೀಣೆ ಒಬ್ಬರ ಪ್ರೇಮಕ್ಕೆ. ಆನೆಯ ಕಾಲು ಇನ್ನೊಬ್ಬರ ಪ್ರೇಮಕ್ಕೆ. ಹಳೇ ಕಾಲ ಎಷ್ಟು ಚೆಂದಿತ್ತು ಅಂತ ನಿಟ್ಟುಸಿರು ಬಿಡುವಾಗ, ಯಾರಿಗೆ ಚೆಂದಿತ್ತು ಅಂತಲೂ ಕೇಳಬೇಕಾಗುತ್ತದೆ.

ಕೇರಿಯವರು ಕತೆಯೊಳಗೆ ಬಂದಾಗ ಏನಾಗುತ್ತದೆ ನೋಡಿ. 1972ರ ‘ನಾಗರಹಾವು’ ಹೊಸ ಕಾಲದ ಕತೆ. ಅದರ ನಡುವೆ ಒಂದು ಹಾಡಿನಲ್ಲಿ ಪುಟ್ಟಣ್ಣ ಕಣಗಾಲರು ಓಬವ್ವನನ್ನು ತಂದರು, ಜಯಂತಿ ಓಬವ್ವನಾದರು. ಹೈದರಾಲಿಯ ಸೈನಿಕರು ದುರ್ಗದ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವಾಗ ಒನಕೆಯಲ್ಲಿ ಬಡಿದು ಕೆಡವಿದ ಕಾವಲುಗಾರನ ಹೆಂಡತಿ. ಛಲವಾದಿ ಸಮುದಾಯ ಅವಳನ್ನು ತನ್ನ ಮಗಳೆಂದು ಎದೆಗಪ್ಪಿಕೊಂಡಿದೆ. ಆ ಕೆಲವೇ ನಿಮಿಷ ನೋಡಿ ಮೈ ಜುಂ ಎನ್ನದ ಕನ್ನಡಿಗನಿಲ್ಲ.

ಗಂಡ ಉಣ್ಣುತ್ತಿದ್ದ, ಓಬವ್ವ ನೀರಿಗೆ ಹೋದಳು, ಆಗ ಸದ್ದು ಕೇಳಿಸಿತು ಅಂತ ಎಲ್ಲರೂ ಹೇಳುತ್ತಾರೆ. ಯಾವ ನೀರಿಗೆ ಹೋದಳು, ಆ ಹೊಂಡ ಯಾರದು, ಅದನ್ನು ಮುಟ್ಟುವ ಹಕ್ಕು ಅವಳಿಗಿತ್ತೇ ಅಂತ ಯಾರೂ ಕೇಳುವುದಿಲ್ಲ. ಅವಳ ಕೈಯ ಒನಕೆ ಎಲ್ಲರಿಗೂ ಬೇಕು. ಅವಳ ಕೊಡದ ಮಾತು ಯಾರಿಗೂ ಬೇಡ. ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಅವಳ ಪ್ರಾಣ ಕೇಳಿದ ಕತೆ ಅವಳ ದಿನಚರಿ ಕೇಳಲಿಲ್ಲ.

ಇನ್ನು ಟಿ.ವಿ. 2020ರಲ್ಲಿ ಜೀ ಕನ್ನಡದಲ್ಲಿ ‘ಮಹಾನಾಯಕ’ ಶುರುವಾಯಿತು. ಹಿಂದಿಯಿಂದ ಡಬ್ ಆದ ಧಾರಾವಾಹಿ, ಬಾಲಕ ಭೀಮರಾಯನ ಕತೆ. ಅದೂ ಹಳೇ ಕಾಲದ ವೇಷ, ಹಳೇ ಕಾಲದ ಮನೆ, ಅದೇ ಕಣ್ಣೀರು, ಅದೇ ಹಿನ್ನೆಲೆ ಸಂಗೀತ. ಆದರೆ ಊರೂರಲ್ಲಿ ಜನ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ವಾಹಿನಿಯ ಮುಖ್ಯಸ್ಥರಿಗೆ ಬೆದರಿಕೆ ಕರೆಗಳೂ ಬಂದವು. ಬರೀ ಮನರಂಜನೆ ಅನ್ನುವವರು ಇದಕ್ಕೇನು ಹೇಳುತ್ತಾರೆ? ಕೇರಿಯ ಮಗು ಈ ಸಲ ಸಿಟ್ಟನ್ನು ಕಡ ತರಬೇಕಾಗಿರಲಿಲ್ಲ. ತೆರೆಯ ಮೇಲಿದ್ದದ್ದು ಅದರದೇ ಸಿಟ್ಟು.

ಹಾಗಂತ ಇಲ್ಲೂ ಎಚ್ಚರ ಬೇಕು. ರಾಜರನ್ನು ಇಳಿಸಿದ ಪೀಠದ ಮೇಲೆ ಭೀಮರಾಯನನ್ನು ಕೂರಿಸಿ ಕೈಮುಗಿದು ಎದ್ದುಹೋದರೆ ಅದೇ ಹಳೇ ಅಮಲು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರೇ ಎಚ್ಚರಿಸಿದ್ದರು: ರಾಜಕೀಯದಲ್ಲಿ ಭಕ್ತಿ ಎಂಬುದು ಅಧೋಗತಿಗೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂದು.

ಆದ್ದರಿಂದ ಕಾದಂಬರಿ ಸುಡಬೇಡಿ, ಟಿ.ವಿ. ಆರಿಸಬೇಡಿ. ಓದಿ, ನೋಡಿ, ಅಳು ಬಂದರೆ ಅಳಿ. ಆಮೇಲೆ ಕತೆಗೆ ಒಂದು ಪ್ರಶ್ನೆ ಹಾಕಿ: ಈ ಅರಮನೆಗೆ ನೀರು ಹೊತ್ತವರು ಯಾರು, ಅವರು ಎಲ್ಲಿ ನೀರು ಕುಡಿದರು? ಪ್ರಶ್ನೆ ಕೇಳಿದ ಮೇಲೂ ಉಳಿಯುವ ಖುಷಿ ನಮ್ಮದು. ಕೇಳಿದೊಡನೆ ಇಳಿದುಹೋಗುವುದು ಹೆಂಡದ ಖುಷಿ, ಬೆಳಗಾದರೆ ತಲೆನೋವು.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. 2021ರಿಂದ ಸರ್ಕಾರ ನವೆಂಬರ್ 11ರಂದು ಒನಕೆ ಓಬವ್ವ ಜಯಂತಿ ಮಾಡುತ್ತಿದೆ. ಅವತ್ತು ಫೋಟೋಗೆ ಹಾರ ಹಾಕಿ, ಭಾಷಣ ಮಾಡಿಸಿ, ಮಕ್ಕಳಿಗೆ ಮಿಠಾಯಿ ಹಂಚಿ. ಜೊತೆಗೆ ಓಬವ್ವ ಯಾವ ಹೊಂಡಕ್ಕೆ ಹೋಗಿದ್ದಳು ಅಂತ ತರಗತಿಯಲ್ಲಿ ಕೇಳಿ. ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತ ಯಾವುದೋ ಮಗು ತನ್ನ ಅಜ್ಜಿಯನ್ನು ಕೇಳಿಕೊಂಡು ಮಾರನೇ ದಿನ ಬರಬಹುದು. ಅದು ಹೇಳುವ ಕತೆಗೆ ಕಾಲಾವಕಾಶ ಇಟ್ಟಿರಿ.