ತೀರ್ಪು ಮಕ್ಕಳಿಗೇ ಬಿಡುವ ಸಿನಿಮಾ

ಮಕ್ಕಳಿಗೆ ತರಗತಿಯಲ್ಲಿ ಒಂದು ಸಿನಿಮಾ ತೋರಿಸಿ ಅದರ ಮೇಲೆ ವಿಮರ್ಶೆ ಬರೆಸಬೇಕು ಎಂದು ಹೊರಟ ಮೇಷ್ಟ್ರು ಸಾಮಾನ್ಯವಾಗಿ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಲ್ಲಿ ಒಳ್ಳೆಯ ಸಂದೇಶ ಇದೆಯೇ? ದೇಶಪ್ರೇಮ, ಪರಿಸರ ಕಾಳಜಿ, ಗುರುಹಿರಿಯರಲ್ಲಿ ಗೌರವ, ಕಷ್ಟಪಟ್ಟರೆ ಫಲ ಉಂಟೆಂಬ ನಂಬಿಕೆ, ಇಂಥದ್ದೇನಾದರೂ ಸಿಕ್ಕರೆ ಆಯ್ಕೆ ಮುಗಿದಂತೆ. ಸ್ಮಾರ್ಟ್ ಕ್ಲಾಸಿನ ಪರದೆಯ ಮೇಲೆ ಚಿತ್ರ ಓಡುತ್ತದೆ. ಮರುದಿನ ಮೇಜಿನ ಮೇಲೆ ನೋಟ್‌ಬುಕ್ಕುಗಳ ರಾಶಿ ಬೀಳುತ್ತದೆ. ಎಲ್ಲದರಲ್ಲೂ ಅದೇ ಕಥಾಸಾರ, ಕೊನೆಯಲ್ಲಿ ಅದೇ ಸಾಲು: ‘ಈ ಚಿತ್ರದಿಂದ ನಾವು ಕಲಿಯಬೇಕಾದ ನೀತಿಯೇನೆಂದರೆ…’

ಇದಕ್ಕೆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಅವರು ಜಾಣರು. ಮೇಷ್ಟ್ರಿಗೆ ಏನು ಬೇಕು ಎಂಬುದನ್ನು ಚಿತ್ರ ಶುರುವಾಗುವ ಮೊದಲೇ ಊಹಿಸಿರುತ್ತಾರೆ. ಉತ್ತರ ಮೊದಲೇ ಗೊತ್ತಿರುವ ಕಡೆ ನೋಡುವ ಕಷ್ಟವನ್ನು ಯಾರು ತೆಗೆದುಕೊಳ್ಳುತ್ತಾರೆ? ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಚಿತ್ರ ನನ್ನ ತರಗತಿಯ ಮಕ್ಕಳಿಗೆ ಸ್ವಂತ ತೀರ್ಪು ಕೊಡಲು ಜಾಗ ಬಿಟ್ಟಿದೆಯೇ? ನನಗೂ ತೋಚದ ಒಂದು ಮಾತನ್ನು ಹಿಂದಿನ ಬೆಂಚಿನ ಹುಡುಗಿ ಹೇಳುವ ಅವಕಾಶ ಇದರಲ್ಲಿದೆಯೇ? ಹೌದು ಎನಿಸಿದರೆ ಮಾತ್ರ ಅದು ತರಗತಿಗೆ ತಕ್ಕ ಚಿತ್ರ.

ಇರಾನಿನ ನಿರ್ದೇಶಕ ಅಬ್ಬಾಸ್ ಕಿಯಾರೊಸ್ತಮಿ 1987ರಲ್ಲಿ ಮಾಡಿದ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್’ ಚಿತ್ರವನ್ನೇ ನೋಡಿ. ಮಕ್ಕಳು ಮತ್ತು ಹದಿಹರೆಯದವರ ಬೌದ್ಧಿಕ ಬೆಳವಣಿಗೆಗೆಂದೇ ಅಲ್ಲಿ ಇದ್ದ ‘ಕಾನೂನ್’ ಎಂಬ ಸಂಸ್ಥೆ ನಿರ್ಮಿಸಿದ ಚಿತ್ರ ಇದು. ಆ ಸಂಸ್ಥೆಯಲ್ಲಿ ಸಿನಿಮಾ ವಿಭಾಗ ಕಟ್ಟಿದವರಲ್ಲಿ ಕಿಯಾರೊಸ್ತಮಿಯೂ ಒಬ್ಬರು. ಕಥೆ ಅಂಗೈಯಗಲ. ಕೋಕರ್ ಎಂಬ ಹಳ್ಳಿಯ ಶಾಲೆಯಲ್ಲಿ ನೇಮತ್‌ಜಾದೆ ಎಂಬ ಹುಡುಗ ಮನೆಗೆಲಸವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದಿದ್ದಾನೆ. ಮೇಷ್ಟ್ರು ಆ ಹಾಳೆಯನ್ನು ಹರಿದುಹಾಕುತ್ತಾರೆ. ಇನ್ನೊಮ್ಮೆ ಹೀಗಾದರೆ ಶಾಲೆಯಿಂದಲೇ ಹೊರಗೆ ಎಂದು ಗದರುತ್ತಾರೆ. ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಾನೆ. ಪಕ್ಕದಲ್ಲಿ ಕುಳಿತ ಅಹ್ಮದ್ ಕಣ್ಣರಳಿಸಿ ನೋಡುತ್ತಿರುತ್ತಾನೆ. ಅದೇ ಸಂಜೆ ಅಹ್ಮದ್ ಮನೆಗೆ ಬಂದು ಚೀಲ ಬಿಚ್ಚಿದರೆ ಗೆಳೆಯನ ನೋಟ್‌ಬುಕ್ಕೂ ತನ್ನ ಬಳಿಯೇ ಇದೆ. ಎರಡರ ರಟ್ಟೂ ಒಂದೇ ಥರ.

ಅಮ್ಮನಿಗೆ ಹೇಳುತ್ತಾನೆ. ಅಮ್ಮನಿಗೆ ಬಟ್ಟೆ ಒಗೆಯುವ ಕೆಲಸ, ಅಳುವ ಕೂಸು. ‘ಮೊದಲು ಬರೆಯೋದು ಮುಗಿಸು’ ಎನ್ನುತ್ತಾಳೆ. ಅವನು ಮತ್ತೆ ಹೇಳುತ್ತಾನೆ, ಅವಳು ಮತ್ತೆ ಅದನ್ನೇ ಹೇಳುತ್ತಾಳೆ. ಒಂದೇ ಮಾತು ಹೀಗೆ ಅತ್ತಿಂದಿತ್ತ ಸಾಗುವ ಈ ದೃಶ್ಯ ನೋಡುತ್ತಾ ಯಾವ ಮಗುವಿಗಾದರೂ ತನ್ನ ಮನೆ ನೆನಪಾಗದೆ ಇರುವುದಿಲ್ಲ. ಕೊನೆಗೆ ಅಹ್ಮದ್ ಹೇಳದೆ ಕೇಳದೆ ಓಡುತ್ತಾನೆ. ಗೆಳೆಯನ ಊರು ಪೋಷ್ತೆ. ಗುಡ್ಡದ ಮೇಲೆ ಅಂಕುಡೊಂಕಾದ ಹಾದಿ, ತುದಿಯಲ್ಲಿ ಒಂದೇ ಮರ. ಅಲ್ಲಿ ನೇಮತ್‌ಜಾದೆ ಎಂಬ ಹೆಸರಿನವರು ಬೇರೆಯವರೂ ಇದ್ದಾರೆ. ಅವನು ಗೆಳೆಯನನ್ನು ಬಿಟ್ಟು ಉಳಿದವರನ್ನೆಲ್ಲ ಕಾಣುತ್ತಾನೆ. ಕತ್ತಲಾದ ಮೇಲೆ ಬರಿಗೈಯಲ್ಲಿ ವಾಪಸಾಗಿ, ಊಟವನ್ನೂ ಬಿಟ್ಟು, ರಾತ್ರಿ ಕುಳಿತು ಎರಡು ನೋಟ್‌ಬುಕ್ಕುಗಳಲ್ಲೂ ಮನೆಗೆಲಸ ಬರೆಯುತ್ತಾನೆ. ಮರುದಿನ ಮೇಷ್ಟ್ರು ಗೆಳೆಯನ ನೋಟ್‌ಬುಕ್ ನೋಡಿ ಮೆಚ್ಚುತ್ತಾರೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಈಗ ತರಗತಿಯನ್ನು ಕೇಳಿ: ಅಹ್ಮದ್ ಮಾಡಿದ್ದು ಸರಿಯೇ? ಅಮ್ಮನ ಮಾತು ಮೀರಿದ್ದಾನೆ. ಬೇರೆಯವರ ಮನೆಗೆಲಸ ತಾನು ಬರೆದು ಮೇಷ್ಟ್ರಿಗೆ ಮೋಸ ಮಾಡಿದ್ದಾನೆ. ನಮ್ಮ ಶಾಲೆಗಳಲ್ಲಿ ಇವೆರಡೂ ಶಿಕ್ಷೆಗೆ ತಕ್ಕ ತಪ್ಪುಗಳೇ. ಆದರೂ ಅವನ ಎದೆಯಲ್ಲಿ ಇದ್ದ ಕಳಕಳಿ ಆ ಚಿತ್ರದ ಇನ್ನಾವ ದೊಡ್ಡವರ ಎದೆಯಲ್ಲೂ ಅಷ್ಟು ಗಟ್ಟಿಯಾಗಿಲ್ಲ. ಒಬ್ಬ ಹುಡುಗ ‘ಮೇಷ್ಟ್ರಿಗೆ ನಿಜ ಹೇಳಬಹುದಿತ್ತು’ ಎನ್ನಬಹುದು. ಇನ್ನೊಬ್ಬಳು ‘ಹೇಳಿದ್ದರೆ ಆ ಮೇಷ್ಟ್ರು ಕೇಳುತ್ತಿದ್ದರೇ?’ ಎಂದು ಎದುರು ಪ್ರಶ್ನೆ ಹಾಕಬಹುದು. ಮೂರನೆಯವನು ಅಮ್ಮನ ಪರ ವಾದಿಸಬಹುದು. ಅಷ್ಟು ಕೆಲಸ ಇದ್ದವಳು ಎಷ್ಟಕ್ಕೆಂದು ಕಿವಿ ಕೊಟ್ಟಾಳು? ಮೂವರೂ ಚಿತ್ರವನ್ನು ನೋಡಿದ್ದಾರೆ, ಮೂವರೂ ಸ್ವಂತ ಬುದ್ಧಿಯಿಂದ ಮಾತಾಡುತ್ತಿದ್ದಾರೆ. ವಿಮರ್ಶೆ ಹುಟ್ಟುವುದೇ ಇಲ್ಲಿ.

ಈ ಚಿತ್ರವನ್ನು ಆರಿಸುವ ಮೇಷ್ಟ್ರಿಗೆ ಸ್ವಲ್ಪ ಧೈರ್ಯವೂ ಬೇಕು. ಅದರಲ್ಲಿ ಮೇಷ್ಟ್ರೇ ಕಟಕಟೆಯಲ್ಲಿ ನಿಂತಿದ್ದಾರೆ. ಅಹ್ಮದನ ಅಜ್ಜ ತನ್ನ ಬಳಿ ಸಿಗರೇಟು ಇದ್ದೂ ಮೊಮ್ಮಗನನ್ನು ಸಿಗರೇಟು ತರಲು ಅಟ್ಟುತ್ತಾನೆ. ವಿಧೇಯತೆ ಕಲಿಸುವುದಕ್ಕಂತೆ. ತಪ್ಪು ಮಾಡಲಿ ಬಿಡಲಿ, ಮಕ್ಕಳಿಗೆ ಆಗಾಗ ಹೊಡೆತ ಬೀಳುತ್ತಿರಬೇಕು ಎನ್ನುವವನು ಅವನು. ಇದನ್ನು ನೋಡಿದ ಮಗು ತಿರುಗಿ ನಮ್ಮ ಮುಖ ನೋಡುತ್ತದೆ. ಆಗ ನಾವು ಕಣ್ಣು ತಪ್ಪಿಸದೆ ಇದ್ದರೆ, ‘ಈ ಮನುಷ್ಯನ ಬಗ್ಗೆಯೂ ಬರೆಯಿರಿ’ ಎಂದು ಹೇಳಿದರೆ, ಪ್ರಶ್ನಿಸುವ ಹಕ್ಕು ತಮಗಿದೆ ಎಂದು ಮಕ್ಕಳಿಗೆ ಅಂದೇ ಮನವರಿಕೆಯಾಗುತ್ತದೆ. ಹಿರಿಯರೆಲ್ಲರೂ ಸರಿ, ಮಕ್ಕಳೆಲ್ಲರೂ ತಿದ್ದಿಸಿಕೊಳ್ಳಬೇಕಾದವರು ಎನ್ನುವ ಚಿತ್ರವನ್ನೇ ಹುಡುಕಿ ತೋರಿಸುವುದು ಅಧಿಕಾರ ಉಳಿಸಿಕೊಳ್ಳುವ ದಾರಿ. ಅದರಿಂದ ವಿದ್ಯೆ ಬರುವುದಿಲ್ಲ.

ಆಯ್ಕೆಯ ಇನ್ನೊಂದು ಮುಖ ಕರುಣೆಯದು. ಸೆನ್ಸಾರ್ ಮಂಡಳಿ ಚಿತ್ರಗಳಿಗೆ ಪ್ರಮಾಣಪತ್ರ ಕೊಡುತ್ತದೆ. 2024ರಿಂದ ಏಳು, ಹದಿಮೂರು, ಹದಿನಾರು ವರ್ಷಗಳೆಂದು ಯುಎ ವರ್ಗದಲ್ಲಿ ಮೂರು ಮೆಟ್ಟಿಲುಗಳನ್ನೂ ಮಾಡಿದೆ. ಪೋಷಕರಿಗೆ ಅದು ನೆರವಾದೀತು. ಆದರೆ ನನ್ನ ತರಗತಿಯ ಮೂರನೇ ಸಾಲಿನಲ್ಲಿ ಕುಳಿತಿರುವ ಮಗುವಿನ ಮನೆಯಲ್ಲಿ ಏನಾಗಿದೆ ಎಂಬುದು ಯಾವ ಮಂಡಳಿಗೂ ಗೊತ್ತಿಲ್ಲ. ಅದು ಮೇಷ್ಟ್ರಿಗೆ ಗೊತ್ತಿರಬೇಕು.

ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ ಪಿಯುಸಿ ಮಕ್ಕಳಿಗೆ ತೋರಿಸಬೇಕಾದ ಚಿತ್ರ ಎಂದು ನಾನು ನಂಬಿದ್ದೇನೆ. 1986ರ ಈ ಚಿತ್ರ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು. ಸ್ವರ್ಣಕಮಲ ಪಡೆಯಿತು, ತಬರನಾದ ಚಾರುಹಾಸನ್ ರಾಷ್ಟ್ರಪ್ರಶಸ್ತಿ ಪಡೆದರು. ನಿವೃತ್ತನಾದ ಸರ್ಕಾರಿ ಜವಾನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ, ಚಿಕಿತ್ಸೆಗೆ ದುಡ್ಡಿಲ್ಲ. ಪಿಂಚಣಿ ಮಂಜೂರಾಗುವ ಹೊತ್ತಿಗೆ ಅವಳೇ ಇಲ್ಲ. ಯಾರ ಅಜ್ಜನೋ ಅಜ್ಜಿಯೋ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಹೀಗೆಯೇ ನಿಂತಿರುವ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ. ಅವರ ಪಾಲಿಗೆ ಇದು ಸಿನಿಮಾ ಮಾತ್ರ ಆಗಿರುವುದಿಲ್ಲ. ಆದರೂ ತೋರಿಸಬಹುದು, ಏಕೆಂದರೆ ಆ ಚಿತ್ರ ತಬರನನ್ನು ಎಲ್ಲಿಯೂ ಮರುಕದ ವಸ್ತುವಾಗಿ ಮಾಡುವುದಿಲ್ಲ. ಅವನಿಗೆ ಅವನದೇ ಘನತೆ ಇದೆ, ತಾನು ದುಡಿದ ಸರ್ಕಾರದ ಮೇಲೆ ಮುಗ್ಧವಾದ ನಂಬಿಕೆ ಇದೆ. ಬಡವರನ್ನು ನಗೆಗೋ ಕಣ್ಣೀರಿಗೋ ಬಳಸಿಕೊಳ್ಳುವ ಚಿತ್ರಕ್ಕೂ, ಅವರ ಪಕ್ಕದಲ್ಲಿ ನಿಲ್ಲುವ ಚಿತ್ರಕ್ಕೂ ಇರುವ ಈ ಅಂತರವನ್ನು ಆರಿಸುವವರು ತಿಳಿದಿರಬೇಕು.

ಅದೇ ನಿರ್ದೇಶಕರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’, ಅನಂತಮೂರ್ತಿಯವರ ಕಥೆಯಿಂದ ಬಂದದ್ದು. ವೇದಪಾಠಶಾಲೆಗೆ ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ, ಬಸುರಿಯಾದ ಬಾಲವಿಧವೆ ಯಮುನಕ್ಕನನ್ನು ಬದುಕಿದ್ದಾಗಲೇ ಶ್ರಾದ್ಧ ಮಾಡಿ ಹೊರಹಾಕುವುದನ್ನು ನೋಡುತ್ತೇವೆ. ಅವಳನ್ನು ಹೊರದೂಡಿದ ಮುದಿ ತಂದೆ ತಾನು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಮುಖ್ಯ ಪಾತ್ರ ಮಗು ಎಂದ ಮಾತ್ರಕ್ಕೆ ಇದು ಮಕ್ಕಳ ಚಿತ್ರವಾಗುವುದಿಲ್ಲ. ಹೈಸ್ಕೂಲಿಗೆ ಇದು ಭಾರ. ಪದವಿ ತರಗತಿಗೆ ಇಷ್ಟು ಒಳ್ಳೆಯ ಚಿತ್ರ ಅಪರೂಪ. ಅಲ್ಲಿಯೂ ಒಂದು ಎಚ್ಚರ ಬೇಕು: ಜಾತಿಯ ಬಗ್ಗೆ ಚರ್ಚೆ ಬಂದಾಗ ಯಾವುದೋ ಒಂದು ಜಾತಿಯ ವಿದ್ಯಾರ್ಥಿಯ ಕಡೆ ಎಲ್ಲರ ಕತ್ತು ತಿರುಗದಂತೆ ನೋಡಿಕೊಳ್ಳುವುದು ಮೇಷ್ಟ್ರ ಹೊಣೆ. ಯಾರೂ ತಮ್ಮ ಮನೆಯ ಕಥೆಯನ್ನು ಎದ್ದುನಿಂತು ಹೇಳಲೇಬೇಕಾದ ಒತ್ತಡ ಬರಬಾರದು. ಆದ್ದರಿಂದ ತೋರಿಸುವ ಚಿತ್ರವನ್ನು ತಾನು ಮೊದಲು ಪೂರ್ತಿ ನೋಡಿರಬೇಕು, ಆ ಮಕ್ಕಳ ಮುಖಗಳನ್ನು ನೆನೆಸಿಕೊಂಡು ನೋಡಿರಬೇಕು. ಪೋಸ್ಟರ್ ನೋಡಿ, ಪ್ರಶಸ್ತಿ ನೋಡಿ, ಯಾರೋ ಹೇಳಿದ್ದು ಕೇಳಿ ಆರಿಸುವುದು ಬೇಜವಾಬ್ದಾರಿ.

ಹಾಗಾದರೆ ಮಕ್ಕಳು ಮೆಚ್ಚಿದ ಜನಪ್ರಿಯ ಚಿತ್ರಗಳು ಬೇಡವೇ? ಖಂಡಿತ ಬೇಕು. 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರಮಂದಿರಗಳಲ್ಲಿ ಗೆದ್ದ ಸಿನಿಮಾ. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಅಪ್ಪನ ಕಾಲದ ಹಗೆ ಮಕ್ಕಳ ತಲೆಗೆ ಬಂದು ಕೂರುವುದು, ಅಯ್ಯು ಮತ್ತು ಗುಳ್ಳ ಪರಸ್ಪರ ಹಾಳಾಗುತ್ತಾ ಹೋಗುವುದು, ಕೊನೆಗೆ ಪ್ರವಾಹದ ಎದುರು ದ್ವೇಷ ಕರಗುವುದು ಎಂಟನೇ ತರಗತಿಯ ಮಕ್ಕಳಿಗೂ ನಾಟುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ: ಮಳೆ ಬಾರದಿದ್ದರೆ ಇವರು ಒಂದಾಗುತ್ತಿದ್ದರೇ? 1972ರ ‘ಬಂಗಾರದ ಮನುಷ್ಯ’ದ ರಾಜೀವ ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿ, ಅವಮಾನವಾದಾಗ ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಅದು ತ್ಯಾಗವೇ, ಮುನಿಸೇ? ರಾಜ್‌ಕುಮಾರ್ ಅವರನ್ನು ಪ್ರೀತಿಸುವ ಮನೆಯ ಹುಡುಗ ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ದೊಡ್ಡ ಪಾಠ ಕಲಿಯುತ್ತಾನೆ. ಪ್ರೀತಿಸುವುದನ್ನೂ ಪರೀಕ್ಷಿಸಬಹುದು, ಪರೀಕ್ಷಿಸಿದ ಮೇಲೂ ಪ್ರೀತಿಸಬಹುದು.

ಭಾಷೆಯ ಅಡ್ಡಿಯನ್ನು ನಾವು ಅಗತ್ಯಕ್ಕಿಂತ ದೊಡ್ಡದು ಮಾಡುತ್ತೇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲಾಗದು, ನಿಜ. ಆದರೆ ಕಿಯಾರೊಸ್ತಮಿಯ ಚಿತ್ರದಲ್ಲಿ ಮಾತುಗಳು ಸರಳ. ಮೇಷ್ಟ್ರು ಮೊದಲೇ ಕನ್ನಡದಲ್ಲಿ ಬರೆದಿಟ್ಟುಕೊಂಡು ಮೆಲ್ಲನೆ ಓದುತ್ತಾ ಹೋದರೆ ಸಾಕು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಆರಂಭಿಸಿ, ಅಡಿಕೆ ತೋಟದ ಹಳ್ಳಿಗರ ಮುಂದೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಇಟ್ಟಿತು. ಜನರಿಗೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ಸುಬ್ಬಣ್ಣ ಒಪ್ಪಲಿಲ್ಲ. ಆ ನಂಬಿಕೆ ನಮ್ಮ ಮಕ್ಕಳ ಮೇಲೂ ನಮಗಿರಲಿ.

ಇನ್ನು ತೋರಿಸುವ ಬಗೆ. ನಲವತ್ತು ನಿಮಿಷದ ಪಿರಿಯಡ್ಡಿಗೆ ಸರಿಹೊಂದಲೆಂದು ಚಿತ್ರವನ್ನು ತುಂಡರಿಸಬಾರದು. ಅಹ್ಮದನ ಕಥೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಶನಿವಾರದ ಎರಡು ಪಿರಿಯಡ್ ಸೇರಿಸಿ, ಹತ್ತು ನಿಮಿಷ ಹೆಚ್ಚು ಕೇಳಿ ಪಡೆದರೆ ಆಯಿತು. ಕಾನೂನಿನ ಭಯವೂ ಬೇಡ. ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಪೋಷಕರಿಗೆ ಸೀಮಿತವಾಗಿದ್ದರೆ ಪಾಠದ ಭಾಗವಾಗಿ ಚಿತ್ರ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಚಿತ್ರಕ್ಕೆ ಮೊದಲು ಉದ್ದದ ಭಾಷಣ ಬೇಡ. ಮುಗಿದ ತಕ್ಷಣ ‘ಹೇಗಿತ್ತು?’ ಎಂದು ಕೇಳುವುದೂ ಬೇಡ. ಮೊದಲು ಕಂಡದ್ದನ್ನು ಬರೆಯಲಿ: ಬಾಗಿಲು, ಹಾದಿ, ಅಜ್ಜನ ಕೈ, ಅಮ್ಮನ ಬೆನ್ನು. ಆಮೇಲೆ ಅನಿಸಿದ್ದನ್ನು ಬರೆಯಲಿ. ಒಂದು ದೃಶ್ಯವನ್ನು ಮರುದಿನ ಮತ್ತೊಮ್ಮೆ ಹಾಕಿ ತೋರಿಸಿದರೆ, ಮೊದಲ ಸಲ ಕಾಣದ್ದು ಎಷ್ಟಿತ್ತೆಂದು ಅವರಿಗೇ ಬೆರಗಾಗುತ್ತದೆ.

ಕೊನೆಯದಾಗಿ ಅಂಕ. ಅಭಿಪ್ರಾಯಕ್ಕೆ ಅಂಕ ಕೊಡಬಾರದು. ‘ನನಗೆ ಈ ಚಿತ್ರ ಹಿಡಿಸಲಿಲ್ಲ’ ಎಂದು ಬರೆದ ಮಗು, ಯಾವ ದೃಶ್ಯದಲ್ಲಿ, ಏಕೆ ಎಂದು ತೋರಿಸಿದ್ದರೆ ಅದಕ್ಕೆ ಪೂರ್ಣ ಅಂಕ ಸಲ್ಲಬೇಕು. ‘ಬಹಳ ಅದ್ಭುತವಾಗಿದೆ’ ಎಂದು ಎರಡು ಪುಟ ತುಂಬಿಸಿ ಒಂದು ದೃಶ್ಯವನ್ನೂ ಹೆಸರಿಸದಿದ್ದರೆ, ಮತ್ತೆ ನೋಡಲು ಹೇಳಬೇಕು. ಕಂಡದ್ದನ್ನು ಕಂಡಂತೆ ಹೇಳಿ, ಹೇಳಿದ್ದಕ್ಕೆ ಕಾರಣ ಕೊಡುವ ಅಭ್ಯಾಸ ಹದಿಮೂರನೇ ವಯಸ್ಸಿನಲ್ಲಿ ಬಂದರೆ ಅದು ಸಿನಿಮಾಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಬರುವ ವಿಡಿಯೊ, ಚುನಾವಣೆಯ ಭಾಷಣ, ಪಕ್ಕದ ಮನೆಯವರ ಬಗ್ಗೆ ಹಬ್ಬುವ ಮಾತು, ಎಲ್ಲವನ್ನೂ ಆ ಮಗು ಹಾಗೆಯೇ ತೂಗಿ ನೋಡುತ್ತದೆ.

ಮೇಷ್ಟ್ರೇ, ಮೇಡಂ, ಈ ವರ್ಷ ನಿಮ್ಮ ತರಗತಿಗೆ ಒಂದೇ ಒಂದು ಚಿತ್ರವನ್ನಾದರೂ ಹೀಗೆ ಆರಿಸಿ. ನಿಮ್ಮ ಬಳಿ ಸಿದ್ಧ ಉತ್ತರ ಇಲ್ಲದ ಚಿತ್ರವನ್ನು ಆರಿಸಿ. ತೋರಿಸಿದ ಮೇಲೆ ಸುಮ್ಮನೆ ಕುಳಿತು ಮಕ್ಕಳ ಮಾತು ಕೇಳಿ.