ಆರು ದಿಕ್ಕಿನ ಅಣು

ಪರಮಾಣುವನ್ನು ಪ್ರಾಚೀನ ದಾರ್ಶನಿಕ ಕಣಾದ ಎಂದೋ ಕಂಡುಕೊಂಡಿದ್ದ ಎಂದು ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ. ಆ ಪರಮಾಣುವನ್ನು ನಮ್ಮ ನೆಲದವರೇ ಎಷ್ಟು ಕಟುವಾಗಿ ಪ್ರಶ್ನಿಸಿದ್ದರೆಂಬುದನ್ನು ಮಾತ್ರ ಹೇಳುವುದಿಲ್ಲ. ಹಾಗೆ ಪ್ರಶ್ನಿಸಿದವರು ಬೌದ್ಧರು. ಮುಂಬಯಿಯ ಬೊರಿವಲಿ ಕಾಡಿನ ಕಾನ್ಹೇರಿ ಗುಹೆಗಳಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಭಿಕ್ಷುಗಳ ಪುಸ್ತಕಕ್ಕೆಂದೂ ದಾನ ಕೊಟ್ಟ ಶಾಸನವಿದೆ; ಅವರಿಗೆ ಓದು, ವಾದ ಅಷ್ಟು ಮುಖ್ಯವಾಗಿದ್ದವು. ಬೌದ್ಧ ದಾರ್ಶನಿಕರಲ್ಲಿ ಅತಿ ಹರಿತ ಬುದ್ಧಿಯವನು, ಆ ಶಾಸನಕ್ಕಿಂತ ಬಹು ಹಿಂದಿನ ವಸುಬಂಧು. ಅವನ ವಾದ ಹೀಗಿದೆ: ಭಾಗಗಳೇ ಇಲ್ಲದ ಪರಮಾಣುವಿಗೆ ಆರು ದಿಕ್ಕುಗಳಿಂದ ಆರು ಪರಮಾಣುಗಳು ಒಮ್ಮೆಗೇ ಕೂಡಿದರೆ ಅದಕ್ಕೆ ಆರು ಭಾಗಗಳಿರಲೇಬೇಕು. ಆರೂ ಒಂದೇ ಜಾಗದಲ್ಲಿ ಕೂಡಿದರೆ ರಾಶಿಯೆಲ್ಲ ಒಂದೇ ಅಣುವಿನಷ್ಟಾಗುತ್ತದೆ. ಆದ್ದರಿಂದ ಹೊರಗಿನ ವಸ್ತುವೇ ಇಲ್ಲ, ಇರುವುದು ವಿಜ್ಞಾನ ಮಾತ್ರ, ಅಂದರೆ ಅರಿವು ಮಾತ್ರ ಎಂದ. ಪ್ರಶ್ನೆ ಅಪ್ಪಟ, ತೀರ್ಮಾನವನ್ನು ಒಪ್ಪಲಾರೆ.

ಭಾಯಂದರಿನ ಉಪ್ಪಿನಾಗರದ ಒಂದು ಹರಳನ್ನೇ ನೋಡಿ. ಅದರೊಳಗೆ ಪ್ರತಿ ಸೋಡಿಯಂ ಕಣದ ಸುತ್ತ ಹಿಂದೆ, ಮುಂದೆ, ಎಡ, ಬಲ, ಮೇಲೆ, ಕೆಳಗೆ ಆರು ಕ್ಲೋರಿನ್ ಕಣಗಳು. ಪ್ರತಿ ಕ್ಲೋರಿನ್ ಸುತ್ತಲೂ ಹಾಗೆಯೇ ಆರು ಸೋಡಿಯಂ. ಒಂದು ಮಿಲಿಮೀಟರಿನ ಸಾಲಿನಲ್ಲಿ ಸುಮಾರು 35 ಲಕ್ಷ ಕಣಗಳು ನಿಲ್ಲುತ್ತವೆ. ಅವು ಒಂದಕ್ಕೊಂದು ತಾಗಿವೆಯೋ ಇಲ್ಲವೋ ಎಂದು ಕೇಳುವುದರಲ್ಲೇ ತಪ್ಪಿದೆ. ಗೋಲಿಗಿರುವಂಥ ಗಟ್ಟಿ ಅಂಚು ಕಣಕ್ಕಿಲ್ಲ. ವಿರುದ್ಧ ವಿದ್ಯುದಂಶಗಳು ಸೆಳೆಯುತ್ತವೆ, ತೀರ ಹತ್ತಿರ ಬಂದರೆ ಎಲೆಕ್ಟ್ರಾನುಗಳು ತಳ್ಳುತ್ತವೆ. ಸೆಳೆತವೂ ತಳ್ಳಾಟವೂ ಸರಿದೂಗುವ ದೂರದ ಆಚೀಚೆ ಕಣ ಕಂಪಿಸುತ್ತಿರುತ್ತದೆ. ಹರಳನ್ನು ಕಾಯಿಸಿದರೆ ಆ ದೂರ ತುಸು ಹಿಗ್ಗುತ್ತದೆ. ಹಾಗಾಗಿ ಅಂತರವೆಂದರೆ ಎರಡು ಗೋಡೆಗಳ ನಡುವಿನ ಖಾಲಿ ಜಾಗವಲ್ಲ, ಅದೊಂದು ಸಂಬಂಧ. ಹರಳಿನ ಅಂಚಿಗೆ ನೇರವಾಗಿ ಬ್ಲೇಡಿಟ್ಟು ತಟ್ಟಿದರೆ ಅದು ನುಣುಪಾದ ಮುಖ ಬಿಟ್ಟು ಸೀಳುತ್ತದೆ. ಸಾಲು ಒಂದು ಸ್ಥಾನ ಜರುಗಿದರೂ ಸಾಕು, ಸೋಡಿಯಂ ಎದುರು ಸೋಡಿಯಮ್ಮೇ ಬಂದು ಪರಸ್ಪರ ನೂಕುತ್ತವೆ.

ವಸುಬಂಧು ಕೆಣಕಿದ್ದು ಭಾಗವಿಲ್ಲದ ಪರಮಾಣುವನ್ನು, ಉಪ್ಪಿನ ಕಣಕ್ಕಾದರೋ ಒಳಗೆ ಭಾಗಗಳಿವೆ, ಇದು ಅವನಿಗೆ ಉತ್ತರವೇ ಅಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರಿಂದ ಬೀಳುವುದು ಕಣಾದನ ಕಡೆಯವರ ಭಾಗರಹಿತ ಅಣು, ಹೊರಗಿನ ಜಗತ್ತಲ್ಲ. 1912ರಲ್ಲಿ ಭೌತವಿಜ್ಞಾನಿ ಲೌವೆಯ ಸಲಹೆಯಂತೆ ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿದಾಗ ಫೋಟೊ ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಮರುವರ್ಷ ಭೌತವಿಜ್ಞಾನಿಗಳಾದ ಬ್ರ್ಯಾಗ್ ತಂದೆ-ಮಗ ಅಂಥ ಚುಕ್ಕೆಗಳ ಜಾಡು ಹಿಡಿದು ಉಪ್ಪಿನ ಜೋಡಣೆಯನ್ನು ಬಿಡಿಸಿದರು. ಅರಿವೊಂದೇ ಇರುವುದಾದರೆ, ಯಾರ ಮನಸ್ಸಿನಲ್ಲೂ ಮೊದಲು ಇಲ್ಲದಿದ್ದ, ಕಣಗಳ ನಡುವಿನ ದೂರದ ಅಳತೆ, ಯಾರು ಯಾವ ಊರಲ್ಲಿ ಅಳೆದರೂ ಅಷ್ಟೇ ಬರುವುದೇಕೆ? ಎಲ್ಲರಿಗೂ ಒಂದೇ ಬಗೆಯ ಕರ್ಮಫಲವಿದ್ದರೆ ಒಂದೇ ನೋಟ ಕಾಣುತ್ತದೆ ಎಂಬುದು ವಸುಬಂಧುವಿನ ಸಮಾಧಾನ. ಯಾವ ಅಳತೆ ಬಂದರೂ ಅದೇ ಸಮಾಧಾನ ಒಪ್ಪುತ್ತದೆ; ಉಪ್ಪಿನ ಕಣಗಳು ಇಷ್ಟೇ ದೂರದಲ್ಲಿ ಏಕೆ ನಿಂತವೆಂದು ಹೇಳಲು ಮಾತ್ರ ಅದಕ್ಕೆ ಆಗುವುದಿಲ್ಲ.