ಕ್ಯಾನ್ಸರ್: ವಿಧಿ, ಕಾರಣ ಮತ್ತು ವಿಶ್ವಾಸಿಯ ಹೊಣೆ

ಕ್ಯಾನ್ಸರ್ ಎಂಬ ಪದವನ್ನು ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಬಾಯಿಬಿಟ್ಟು ಹೇಳುವುದಿಲ್ಲ. 'ಆ ಕಾಯಿಲೆ' ಎನ್ನುತ್ತಾರೆ. ಅದರ ಹಿಂದೆಯೇ ಎರಡು ಮಾತುಗಳು ಬರುತ್ತವೆ. ಏನು ಪಾಪ ಮಾಡಿದ್ದರೋ ಎಂಬುದು ಒಂದು. ಅಲ್ಲಾಹನು ಬರೆದದ್ದು ಆಗಿಯೇ ಆಗುತ್ತದೆ, ಆಸ್ಪತ್ರೆಗೆ ಹಣ ಸುರಿದು ಏನು ಪ್ರಯೋಜನ ಎಂಬುದು ಇನ್ನೊಂದು. ಎರಡೂ ಧರ್ಮನಿಷ್ಠೆಯ ಉಡುಪು ತೊಟ್ಟ ಮಾತುಗಳು. ಮೊದಲನೆಯದು ರೋಗಿಯ ಮೇಲೆ ಅನ್ಯಾಯ ಹೊರಿಸುತ್ತದೆ. ಎರಡನೆಯದು ಅವನ ಆಯುಷ್ಯದ ಅತ್ಯಮೂಲ್ಯ ತಿಂಗಳುಗಳನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಇವೆರಡನ್ನೂ ಇಸ್ಲಾಮಿನ ಬೆಳಕಿನಲ್ಲಿಟ್ಟು ನೋಡಬೇಕಾಗಿದೆ.

ಎಲ್ಲವೂ ಅಲ್ಲಾಹನ ವಿಧಿಯಂತೆ ನಡೆಯುತ್ತದೆ ಎಂಬುದರಲ್ಲಿ ಸತ್ಯವಿಶ್ವಾಸಿಗೆ ಸಂಶಯವಿಲ್ಲ. ಪ್ರಶ್ನೆಯಿರುವುದು ಬೇರೆ ಕಡೆ. ಕಾಯಿಲೆ ವಿಧಿಯ ಒಳಗಿದೆಯೆಂದಾದರೆ ಔಷಧ ಮಾತ್ರ ವಿಧಿಯ ಹೊರಗೆ ನಿಂತದ್ದು ಹೇಗೆ?

ಖಲೀಫಾ ಉಮರ್(ರ)ರ ಕಾಲದ ಘಟನೆ ನಿಮಗೆ ತಿಳಿದಿರಬಹುದು. ಅವರು ಸಿರಿಯಾದ ಕಡೆಗೆ ಹೊರಟಿದ್ದಾಗ, ಅಲ್ಲಿ ಪ್ಲೇಗ್ ಹರಡಿದೆಯೆಂಬ ಸುದ್ದಿ ಸರ್ಗ್ ಎಂಬಲ್ಲಿ ಸಿಕ್ಕಿತು. ಸಂಗಡಿಗರೊಡನೆ ಸಮಾಲೋಚಿಸಿ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಕೇಳಿದವರು ಸಾಮಾನ್ಯರಲ್ಲ; ಸ್ವರ್ಗದ ಶುಭವಾರ್ತೆ ಪಡೆದ ಸಹಾಬಿ. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರ. ಜೊತೆಗೆ ಕುರಿಗಾಹಿಯೂ ಒಪ್ಪುವ ಒಂದು ಹೋಲಿಕೆ ಕೊಟ್ಟರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಗಳನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ವಿಧಿಯಂತೆಯೇ. ಹಾಗೆಂದು ಬರಡು ನೆಲಕ್ಕೆ ಅಟ್ಟುವವನನ್ನು ಯಾರೂ ಭಕ್ತನೆನ್ನುವುದಿಲ್ಲ. ಆ ಬಳಿಕ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗ್ ಇರುವ ಊರನ್ನು ಪ್ರವೇಶಿಸಬೇಡಿ, ನೀವಿರುವಲ್ಲಿ ಅದು ಬಂದರೆ ಓಡಿಹೋಗಬೇಡಿ ಎಂಬರ್ಥದ ಪ್ರವಾದಿ(ಸ) ವಚನವನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಇನ್ನು ಕಾರಣಗಳ ವಿಷಯ. ನಮ್ಮ ಶರೀರದಲ್ಲಿ ಪ್ರತಿಕ್ಷಣವೂ ಜೀವಕೋಶಗಳು ಒಡೆದು ಹೊಸ ಕೋಶಗಳಾಗುತ್ತಿರುತ್ತವೆ. ಪ್ರತಿ ಬಾರಿಯೂ ಕೋಶದೊಳಗಿನ ಡಿಎನ್‌ಎಯ ಪೂರ್ತಿ ನಕಲಾಗಬೇಕು. ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ಹೆಚ್ಚಿನವನ್ನು ಶರೀರವೇ ತಿದ್ದುತ್ತದೆ. ತಿದ್ದದೆ ಉಳಿದ ಕೆಲವು ತಪ್ಪುಗಳು ಒಂದೇ ಕೋಶದಲ್ಲಿ ವರ್ಷಗಟ್ಟಲೆ ಕೂಡಿಕೊಂಡಾಗ, ಅದು 'ನಿಲ್ಲು' ಎಂಬ ಆಜ್ಞೆಯನ್ನು ಕೇಳದೆ ಬೆಳೆಯತೊಡಗುತ್ತದೆ. ವಯಸ್ಸಾದಂತೆ ಈ ರೋಗ ಹೆಚ್ಚುವುದು ಅದಕ್ಕಾಗಿಯೇ. ಕ್ಯಾನ್ಸರ್ ಎಂಬುದು ಒಂದು ಕಾಯಿಲೆಯಲ್ಲ, ನೂರಕ್ಕೂ ಮಿಕ್ಕಿದ ಕಾಯಿಲೆಗಳ ಸಾಮಾನ್ಯ ಹೆಸರು. ಎಲ್ಲ ಕ್ಯಾನ್ಸರ್‌ಗೂ ಇದೊಂದೇ ಮದ್ದು ಎಂದು ಯಾರಾದರೂ ಹೇಳಿದರೆ, ಅವರಿಗೆ ರೋಗದ ಪರಿಚಯವಿಲ್ಲವೆಂದು ಅಷ್ಟರಿಂದಲೇ ತಿಳಿದುಕೊಳ್ಳಬಹುದು.

ಆ ತಪ್ಪುಗಳನ್ನು ಹೆಚ್ಚಿಸುವ ಸಂಗತಿಗಳಲ್ಲಿ ಕೆಲವು ನಮ್ಮ ಕೈಯಲ್ಲಿವೆ. 1775ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಕೆಲಸಗಾರರಿಗೆ ಬರುತ್ತಿದ್ದ ಒಂದು ಬಗೆಯ ಕ್ಯಾನ್ಸರಿಗೆ ಹೊಗೆಮಸಿ ಕಾರಣವೆಂದು ತೋರಿಸಿದ್ದ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು 1950ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳ ಅಧ್ಯಯನಗಳಿಂದ ಬೆಳಕಿಗೆ ಬಂತು. ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಲು ಸಾಧ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ: ಹೊಗೆಸೊಪ್ಪು, ಬೀಡಿ, ಗುಟ್ಕಾ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬೇರೆ ಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸುವ ಉಪಾಯವನ್ನು ಜನ ಕಂಡುಕೊಂಡರು. ತಂಬಾಕು ಸೇರದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆಯಿಂದಲೇ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಬಹಳಷ್ಟಿರುವುದರಿಂದ ಈ ಮಾತು ರುಚಿಸದು. ಆದರೆ ಬಾಯಿ ತೆರೆಯಲಾಗದೆ, ಎರಡು ಬೆರಳೂ ಒಳಗೆ ಹೋಗದೆ ನರಳುವ ಯುವಕನಿಗೆ ನಮ್ಮ ರುಚಿ ಕಟ್ಟಿಕೊಂಡು ಏನಾಗಬೇಕು? ಶರೀರವು ಅಲ್ಲಾಹನು ಒಪ್ಪಿಸಿದ ಅಮಾನತ್ತು. ತಿಳಿದೂ ತಿಳಿದೂ ಅದನ್ನು ಕೆಡಿಸಿ, ಕೊನೆಗೆ ವಿಧಿ ಎನ್ನುವುದು ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯ ಮಾತಾಡಿದಂತೆ.

ಆದರೆ ಇಲ್ಲಿ ಒಂದು ಗೆರೆ ಎಳೆಯಲೇಬೇಕು. ತಂಬಾಕನ್ನು ಕಣ್ಣೆತ್ತಿಯೂ ನೋಡದವರಿಗೂ ಕ್ಯಾನ್ಸರ್ ಬರುತ್ತದೆ. ಹಾಲುಗಲ್ಲದ ಮಗುವಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ಅದು ಯಾವ ಪಾಪದ ಫಲ? ಕಾರಣ ಬೇರೆ, ಅಪರಾಧ ಬೇರೆ. ಗರ್ಭಕೋಶದ ಕೊರಳಿನ ಕ್ಯಾನ್ಸರನ್ನೇ ನೋಡಿ. ಅದಕ್ಕೆ ಒಂದು ವೈರಾಣು ಕಾರಣವೆಂದು ಕಂಡುಹಿಡಿದ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ದಾಂಪತ್ಯ ಸಂಬಂಧದಿಂದಲೇ ದಾಟಬಲ್ಲ ವೈರಾಣು ಅದು, ಬಹಳ ಸಾಮಾನ್ಯವಾದುದು. ಪರಿಶುದ್ಧ ಜೀವನ ನಡೆಸಿದ ಸ್ತ್ರೀಗೂ ಪತಿಯಿಂದ ಬರಬಹುದು, ಬಂದು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇರಬಹುದು. ಕಾಯಿಲೆಯ ಹೆಸರು ಕೇಳಿ ಆಕೆಯ ಶೀಲದ ಬಗ್ಗೆ ಪಿಸುಗುಟ್ಟುವವರು ಎಂಥ ಪಾಪ ಹೊತ್ತುಕೊಳ್ಳುತ್ತಿದ್ದಾರೆಂದು ಯೋಚಿಸಲಿ. ಪತಿವ್ರತೆಯರ ಮೇಲೆ ಅಪವಾದ ಹೊರಿಸುವುದನ್ನು ಕುರ್‌ಆನ್ ಎಷ್ಟು ಗಂಭೀರವಾಗಿ ಕಂಡಿದೆಯೆಂಬುದು ನಮಗೆ ಗೊತ್ತಿರುವ ಸಂಗತಿ. ಅಯ್ಯೂಬ್(ಅ)ರು ರೋಗದಿಂದ ಬಳಲಿದ್ದು ಶಿಕ್ಷೆಯಾಗಿ ಅಲ್ಲವೆಂಬುದೂ ಗೊತ್ತು. ಸತ್ಯವಿಶ್ವಾಸಿಗೆ ತಗಲುವ ನೋವು ಅವನ ಪಾಪಗಳನ್ನು ಉದುರಿಸುತ್ತದೆಂಬ ಹದೀಸು ರೋಗಿಗೆ ಸಾಂತ್ವನವಾಗಿ ಬಂದದ್ದು. ನೋಡಲು ಬಂದವರ ಕೈಗೆ ಕೊಟ್ಟ ಕೋಲಲ್ಲ.

ಚಿಕಿತ್ಸೆಯಿಂದ ಗುಣವಾಗುತ್ತದೆಯೇ? ಪ್ರಾಮಾಣಿಕ ಉತ್ತರ ಇದು: ಯಾವ ಕ್ಯಾನ್ಸರ್, ಎಷ್ಟು ಬೇಗ ಗೊತ್ತಾಯಿತು ಎಂಬುದರ ಮೇಲೆ ನಿಂತಿದೆ. ಸಾವಿರ ವರ್ಷಗಳ ಹಿಂದೆ ಕೊರ್ದೋವಾದ ಮಹಾನ್ ಶಸ್ತ್ರವೈದ್ಯ ಅಝ್ಝಹ್‌ರಾವಿ ತಮ್ಮ 'ಅತ್ತಸ್‌ರೀಫ್' ಗ್ರಂಥದಲ್ಲಿ ಇದನ್ನೇ ಬರೆದಿದ್ದಾರೆ. ಸ್ತನದಂತೆ ಪೂರ್ತಿ ಕತ್ತರಿಸಿ ತೆಗೆಯಬಹುದಾದ ಜಾಗದಲ್ಲಿದ್ದು, ಗೆಡ್ಡೆ ಆರಂಭದಲ್ಲಿ ಚಿಕ್ಕದಾಗಿದ್ದರೆ ತೆಗೆಯಬೇಕು. ಬಹುಕಾಲದ್ದಾಗಿ ದೊಡ್ಡದಾಗಿದ್ದರೆ ಮುಟ್ಟಬಾರದು, ಅಂಥದ್ದನ್ನು ತಾವೂ ಗುಣಪಡಿಸಿಲ್ಲ, ಗುಣಪಡಿಸಿದವರನ್ನೂ ಕಂಡಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ತನಗೆ ಆಗದ್ದನ್ನು ಆಗದು ಎಂದು ಬರೆದಿಡುವ ಆ ವೈದ್ಯರ ಸತ್ಯಸಂಧತೆ, ಇಂದು ಗೋಡೆಗಳ ಮೇಲೆ ಶೇಕಡಾ ನೂರು ಗ್ಯಾರಂಟಿ ಎಂದು ಬರೆಸುವವರಲ್ಲಿ ಎಲ್ಲಿದೆ?

ಅವರ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಬಹಳಷ್ಟು ಬದಲಾಗಿದೆ. 1940ರ ದಶಕದವರೆಗೆ ಮಕ್ಕಳ ರಕ್ತದ ಕ್ಯಾನ್ಸರ್ ಎಂದರೆ ಕೆಲವೇ ತಿಂಗಳ ಮಾತು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ತಯಾರಿಸಿದ ಔಷಧವನ್ನು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗ ಹಿಮ್ಮೆಟ್ಟಿತು, ಆದರೆ ಮರಳಿ ಬಂತು. ಔಷಧಗಳನ್ನು ಒಂದರೊಡನೊಂದು ಸೇರಿಸುತ್ತಾ, ಪ್ರಮಾಣ ತಿದ್ದುತ್ತಾ ದಶಕಗಳು ಸಂದವು. ಇಂದು ಸೌಲಭ್ಯವುಳ್ಳ ದೇಶಗಳಲ್ಲಿ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಬಗೆಯ ರಕ್ತದ ಕ್ಯಾನ್ಸರ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣವಾಗುತ್ತಾರೆ. ಇನ್ನೊಂದು ಕಡೆ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಇಂದಿಗೂ ಐದು ವರ್ಷ ಬದುಕುವವರು ಬಹಳ ಕಡಿಮೆ.

ಬೇಗ ಕಂಡುಹಿಡಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಜನರ ಬಾಯಿಯನ್ನು ಬೆಳಕಿನಲ್ಲಿ ಕಣ್ಣಿಟ್ಟು ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಸ್ತ್ರೀಯರ ನಡುವೆ ನಡೆಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು: ವಿನೆಗರ್ ಸವರಿ ಗರ್ಭಕೋಶದ ಕೊರಳನ್ನು ಪರೀಕ್ಷಿಸಿದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಈ ಪರೀಕ್ಷೆ ಮಾಡಿದವರೂ ತರಬೇತಿ ಪಡೆದ ಸ್ತ್ರೀಯರೇ. ಲಜ್ಜೆ ಈಮಾನಿನ ಭಾಗ, ನಿಜ. ಆದರೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಆರು ತಿಂಗಳಾದರೂ ತಾಯಿಗೂ ಹೇಳದಂತೆ ಮಾಡುವುದು ಲಜ್ಜೆಯಲ್ಲ, ಭಯ. ಮನೆಯ ಗಂಡಸರು ಆ ಭಯ ಹೋಗುವಂತೆ ನಡೆದುಕೊಳ್ಳಬೇಕು.

ಈಗ ಒಂದು ಸೂಕ್ಷ್ಮ ವಿಷಯ. ಕರಿಜೀರಿಗೆಯಲ್ಲಿ ಮರಣದ ಹೊರತು ಎಲ್ಲಕ್ಕೂ ಶಮನವಿದೆಯೆಂಬ ಅರ್ಥದ ಹದೀಸು ಸಹೀಹ್ ಬುಖಾರಿಯಲ್ಲಿದೆ. ಅದನ್ನು ಮುಂದಿಟ್ಟು, ಬೇರೆ ಚಿಕಿತ್ಸೆಯೇ ಬೇಡವೆನ್ನುವವರಿದ್ದಾರೆ. ಹದೀಸನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇಮಾಮ್ ಖತ್ತಾಬಿಯಂಥ ಪೂರ್ವಿಕ ವಿದ್ವಾಂಸರೇ, ಇಲ್ಲಿ ಮಾತು ಸಾಮಾನ್ಯ ರೂಪದಲ್ಲಿದ್ದರೂ ಉದ್ದೇಶ ನಿರ್ದಿಷ್ಟ ಬಗೆಯ ರೋಗಗಳೆಂದು ವಿವರಿಸಿದ್ದಾರೆ. ಅದೇ ಪ್ರವಾದಿ(ಸ)ರು ಉಬಯ್ಯ್ ಬಿನ್ ಕಅಬ್(ರ)ರಿಗೆ ಕಾಯಿಲೆಯಾದಾಗ ವೈದ್ಯರನ್ನು ಕಳುಹಿಸಿದರು. ಆ ವೈದ್ಯರು ನರ ಕೊಯ್ದು ಕಾಸಿದರು. ಕರಿಜೀರಿಗೆ ತಿನ್ನಿ, ಜೇನು ಕುಡಿಯಿರಿ, ದುಆ ಮಾಡಿಸಿ. ಆದರೆ ಅದಕ್ಕಾಗಿ ಶಸ್ತ್ರಚಿಕಿತ್ಸೆಯ ದಿನವನ್ನು ಮುಂದೂಡಬೇಡಿ. ಏನೇನು ಸೇವಿಸುತ್ತಿದ್ದೀರೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣವಾಗಬಹುದಾದ ಹಂತದಲ್ಲಿ ಬದಲಿ ಮದ್ದನ್ನೇ ನೆಚ್ಚಿಕೊಂಡವರು ಸಾಯುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಕ್ಕಿ. ವೈದ್ಯಶಾಸ್ತ್ರ ತಿಳಿಯದೆ ಮದ್ದು ಕೊಟ್ಟವನು ಆದ ಹಾನಿಗೆ ಹೊಣೆಗಾರನೆಂಬ ಅರ್ಥದ ಹದೀಸು ಅಬೂದಾವೂದ್‌ನಲ್ಲಿದೆ. ಕೇಳಿದ್ದನ್ನು ನೆರೆಮನೆಯ ರೋಗಿಗೆ ಸಲಹೆಯಾಗಿ ಕೊಡುವ ನಾವೆಲ್ಲರೂ ಅದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹಾಗಾದರೆ ಚಿಕಿತ್ಸೆ ಕಡ್ಡಾಯವೇ? ಅಪಸ್ಮಾರದಿಂದ ಬಳಲುತ್ತಿದ್ದ ಒಬ್ಬ ಮಹಿಳೆ ಪ್ರವಾದಿ(ಸ)ರ ಬಳಿ ಪ್ರಾರ್ಥನೆ ಕೋರಿ ಬಂದಾಗ, ತಾಳ್ಮೆ ವಹಿಸಿದರೆ ಸ್ವರ್ಗ, ಬೇಕಾದರೆ ಗುಣಕ್ಕಾಗಿ ಪ್ರಾರ್ಥಿಸುತ್ತೇನೆ ಎಂದು ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ತಾಳ್ಮೆಯನ್ನು ಆರಿಸಿಕೊಂಡರು. ಇದನ್ನು ಆಧರಿಸಿ, ಚಿಕಿತ್ಸೆ ಎಲ್ಲ ಸಂದರ್ಭದಲ್ಲೂ ಕಡ್ಡಾಯವಲ್ಲವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಜಿದ್ದಾದಲ್ಲಿ 1992ರಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಇದನ್ನು ವಿಂಗಡಿಸಿತು: ಚಿಕಿತ್ಸೆ ಬಿಟ್ಟರೆ ಪ್ರಾಣವೋ ಅಂಗವೋ ಹೋಗುವಂತಿದ್ದರೆ ಅದು ಕಡ್ಡಾಯ, ಶರೀರ ದುರ್ಬಲವಾಗುವಷ್ಟಿದ್ದರೆ ಅಪೇಕ್ಷಣೀಯ, ಚಿಕಿತ್ಸೆಯ ತೊಂದರೆಯೇ ರೋಗಕ್ಕಿಂತ ಹೆಚ್ಚಾಗುವ ಭೀತಿಯಿದ್ದರೆ ಅನಪೇಕ್ಷಿತ. ಆರಂಭದ ಹಂತದ ಸ್ತನ ಕ್ಯಾನ್ಸರನ್ನು ಮೊದಲನೆಯ ಗುಂಪಿಗೆ ಸೇರಿಸಲು ಯಾರಿಗೂ ಕಷ್ಟವಾಗದು. ಎಲ್ಲೆಡೆ ಹರಡಿದ ರೋಗಕ್ಕೆ ಎಂಬತ್ತರ ವೃದ್ಧರು ಇನ್ನೊಂದು ಸುತ್ತು ಕಿಮೋಥೆರಪಿ ಬೇಡವೆಂದರೆ, ಅದನ್ನು ವಿಶ್ವಾಸದ ಕೊರತೆ ಎನ್ನುವವರು ವಿಷಯ ತಿಳಿಯದವರು. ಮಕ್ಕಳು ಜಮೀನು ಮಾರಿ, ಬಡ್ಡಿ ಸಾಲ ಮಾಡಿ, ಒಲ್ಲದ ತಂದೆಯನ್ನು ನಗರದಿಂದ ನಗರಕ್ಕೆ ಹೊತ್ತೊಯ್ಯುವುದೇ ಸೇವೆಯಲ್ಲ.

ಅಲ್ಲಿಂದ ಮುಂದೆ ಬೇಕಾದದ್ದು ನೋವು ತಗ್ಗಿಸುವ ಆರೈಕೆ. ಮಾರ್ಫಿನ್ ಅಮಲು ಪದಾರ್ಥ, ಹರಾಮಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ವೈದ್ಯರ ಸಲಹೆಯಂತೆ, ತಡೆಯಲಾಗದ ನೋವಿಗೆ ಅನಿವಾರ್ಯವಾಗಿ ಬಳಸುವುದನ್ನು ವಿದ್ವಾಂಸರು ಅನುಮತಿಸಿದ್ದಾರೆ. 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ನಮ್ಮ ದೇಶದಲ್ಲಿ ಅದು ರೋಗಿಗಳ ಕೈಗೆ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಹಾದಿಯನ್ನು ಸ್ವಲ್ಪ ಸುಗಮಗೊಳಿಸಿತು. ರಾತ್ರಿಯಿಡೀ ಚೀರುವವರಿಗೆ ತಾಳ್ಮೆಯ ಉಪದೇಶ ಮಾಡುವ ಮೊದಲು ಆ ಮಾತ್ರೆ ಸಿಕ್ಕಿದೆಯೇ ಎಂದು ವಿಚಾರಿಸಿ.

ಉಳಿದಿರುವುದು ಮುಚ್ಚಿಡುವ ವಿಷಯ. ರೋಗ ಯಾವುದೆಂದು ಮನೆಮಂದಿಗೆಲ್ಲ ಗೊತ್ತು, ರೋಗಿಗೆ ಮಾತ್ರ ಗೊತ್ತಿಲ್ಲ. ಅಥವಾ ಗೊತ್ತಿಲ್ಲವೆಂದು ನಾವು ನಂಬಿರುತ್ತೇವೆ. ಧೈರ್ಯ ಕುಂದೀತೆಂಬ ಪ್ರೀತಿಯೇ ಇದರ ಹಿಂದಿರುವುದು. ಒಮ್ಮೆಲೇ ಎಲ್ಲವನ್ನೂ ಮುಖಕ್ಕೆ ಹೇಳಬೇಕೆಂದು ನಾನೂ ಹೇಳುವುದಿಲ್ಲ. ಅವರು ಕೇಳಿದಷ್ಟನ್ನು, ತಡೆದುಕೊಳ್ಳುವಷ್ಟನ್ನು ಮೆಲ್ಲಗೆ ಹೇಳಬಹುದು. ಆದರೆ ವಸಿಯ್ಯತ್ ಮಾಡಬೇಕಾದದ್ದೇನಾದರೂ ಇದ್ದರೆ ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಆರೋಗ್ಯವಂತರಿಗೇ ತಿಳಿಸಿದ್ದಾರೆ. ಕೊಡಬೇಕಾದ ಸಾಲ ಯಾರದ್ದು, ಬಿಟ್ಟುಹೋದ ಉಪವಾಸ ಎಷ್ಟು, ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ಕರೆಸಬೇಕೇ ಬೇಡವೇ, ಇವೆಲ್ಲ ಅವರೇ ತೀರ್ಮಾನಿಸಬೇಕಾದ ಸಂಗತಿಗಳು. ದಿನಗಳು ಎಷ್ಟಿರಬಹುದೆಂಬ ಸುಳಿವೂ ಸಿಗದ ವ್ಯಕ್ತಿ ಅವನ್ನು ಬಕ್ರೀದ್ ಕಳೆಯಲಿ, ಮಳೆಗಾಲ ಮುಗಿಯಲಿ ಎಂದು ಮುಂದೂಡುತ್ತಾ ಇರುತ್ತಾನೆ.